ಮೊದಲು ಬಂದವಳಿಗೆ ಸರ್ವರ್ ಎದ್ದಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ಏಳೂವರೆಗೆ ಉಡುಪಿಯ ಒಂದು ಲ್ಯಾಬಿನಲ್ಲಿ ನನ್ನ ಶುಗರ್ ರಿಪೋರ್ಟ್ ಎರಡೇ ಸೆಕೆಂಡಿನಲ್ಲಿ ಕೈಗೆ ಬಂತು. ಹೆಮ್ಮೆಯಾಯಿತು. (ಶುಗರ್ ಬಗ್ಗೆ ಅಲ್ಲ, ಅದು ಏರಿಯೇ ಇತ್ತು.) ಆ ಲ್ಯಾಬಿನಲ್ಲಿ ರಿಪೋರ್ಟ್ ತೆಗೆಯುವ ಜಾವಾ ವೆಬ್ ಅಪ್ಲಿಕೇಶನ್ ಬರೆದು ಸರ್ವರಿಗೆ ಹಾಕಿಕೊಟ್ಟವನು ನಾನೇ.

"ನಂದ್ಯಾಕ ಬರಲಿಲ್ರೀ? ನಾ ನಿಮಗಿಂತ ಮೊದಲ ಬಂದೀನಿ."

ಕೇಳಿದವಳು ಬೆಂಚಿನ ಮೇಲೆ ಕೂತಿದ್ದ ರೇಣುಕವ್ವ. ಗದಗದ ಕಡೆಯವಳು, ಮಣಿಪಾಲದಲ್ಲಿ ಕಟ್ಟಡದ ಕೆಲಸ. ಗಂಡ ಮಲೇರಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಅವನ ರಕ್ತದ ಸ್ಯಾಂಪಲ್ ಪ್ರತಿ ಸಂಜೆ ಇಲ್ಲಿಗೆ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಡಾಕ್ಟರು ರೌಂಡ್ಸಿಗೆ ಬರುವಾಗ ರಿಪೋರ್ಟ್ ಇರಬೇಕು. ಅವನಿಗೆ ರಕ್ತ ಕೊಡಬೇಕೋ ಬೇಡವೋ ಎಂದು ಅದನ್ನು ನೋಡಿಯೇ ಹೇಳುವುದು. ಮೂರು ದಿನದಿಂದ ಇವಳು ಏಳಕ್ಕೇ ಬಂದು ಕ್ಯೂನಲ್ಲಿ ಮೊದಲು ನಿಂತಿದ್ದಾಳೆ. ಹಿಂದಿನ ಎರಡು ದಿನವೂ ರಿಪೋರ್ಟ್ ಸಿಕ್ಕುವಾಗ ಡಾಕ್ಟರು ಹೋಗಿಯಾಗಿತ್ತು.

ಕೌಂಟರಿನ ಸುಮತಿಯನ್ನು ಕೇಳಿದೆ.

"ಮೊದಲು ಬಂದವರಿಗೆ ಯಾವಾಗಲೂ ಹೀಗೇ ಸರ್, ಸರ್ವರ್ ಎದ್ದಿರುವುದಿಲ್ಲ. ಬದಿಗೆ ಕೂತ್ಕೊಳ್ಳಿ ಅಂತ ಹೇಳ್ತೇವೆ. ಆಮೇಲೆ ರಶ್ ಆಗ್ತದೆ, ಕರೆಯಲಿಕ್ಕೆ ಮರೆತುಹೋಗ್ತದೆ ಅಲ್ವಾ?"

ಯಾವಾಗಲೂ ಹೀಗೇ! ತಲೆ ಬಿಸಿಯಾಯಿತು. ಒಳಗೆ ಹೋಗಿ ಕಾನ್ಫಿಗರೇಶನ್ ಫೈಲ್ ತೆರೆದೆ. ಸರ್ವರ್ ಆನ್ ಆದ ಕೂಡಲೇ ಅಪ್ಲಿಕೇಶನ್ ಕೂಡ ಸಿದ್ಧವಾಗಬೇಕು ಎಂದು ಹೇಳುವ ಸಾಲೊಂದು ಅದರಲ್ಲಿರಬೇಕು. ಇಲ್ಲದಿದ್ದರೆ ಮೊದಲನೆಯವರು ಬಂದು ಕೇಳಿದ ಮೇಲೆಯೇ ಅದು ಏಳುತ್ತದೆ, ದಾಖಲೆಗಳನ್ನೆಲ್ಲ ಎಳೆದುಕೊಂಡು ಹತ್ತು ನಿಮಿಷ ಬಿಟ್ಟು ಬಾಯಿ ಬಿಡುತ್ತದೆ. ಸಂಜೆ ಮೈನ್ ಸ್ವಿಚ್ ಆಫ್ ಮಾಡಿ ಹೋಗುವ ಲ್ಯಾಬಿದು. ಹಾಗಾಗಿ ಪ್ರತಿ ಬೆಳಿಗ್ಗೆ ಇದೇ ಕತೆ. ಆ ಸಾಲು ಇರಲಿಲ್ಲ.

ತೆಗೆದವರು ಯಾರು? ನಾನೇ ಸ್ವಾಮಿ!

ನಾಲ್ಕು ತಿಂಗಳ ಹಿಂದೆ ಲ್ಯಾಬಿನ ಉದ್ಘಾಟನೆ. ದೀಪ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಲ್ಯಾಬಿನ ಮಾಲಕರು ಮೊದಲೇ ಹೇಳಿದ್ದರು: "ಅತಿಥಿಗಳು ಬಟನ್ ಒತ್ತುವ ಮೊದಲೇ ಅಪ್ಲಿಕೇಶನ್ ಶುರುವಾಗಿದ್ದರೆ ಉದ್ಘಾಟನೆಗೆ ಎಂತ ಅರ್ಥ ಉಂಟು ಮಾರಾಯ್ರೆ?" ನಾನು ತಲೆಯಾಡಿಸಿ ಸಾಲು ತೆಗೆದೆ. ಆಗ ದಾಖಲೆಗಳೇ ಇರಲಿಲ್ಲ, ಒತ್ತಿದ ಕೂಡಲೇ ಎದ್ದಿತು, ಚಪ್ಪಾಳೆ ಬಿತ್ತು. ಊಟ ಮುಗಿಸಿ ಮನೆಗೆ ಹೋದೆ. ವಾಪಸ್ ಹಾಕುವ ನೆನಪು ಯಾರಿಗಿತ್ತು?

ರೇಣುಕವ್ವನ ರಿಪೋರ್ಟ್ ತೆಗೆಸಿ, ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಮೆಟ್ಟಿಲಿಳಿಯುತ್ತಿದ್ದರು. ಮೂರು ದಿನದ ಕಾಗದಗಳನ್ನೂ ಒಟ್ಟಿಗೆ ನೋಡಿದವರೇ ಸಿಡಿದರು.

"ಮೊನ್ನೆಯೇ ರಕ್ತ ಕೊಡಬೇಕಿತ್ತಲ್ಲ! ಒಂದು ರಿಪೋರ್ಟ್ ತರಲಿಕ್ಕೂ ನಿಮಗೆ ಉದಾಸೀನವಾ?"

ಬೈದದ್ದು ಯಾರಿಗೆ? ಅವಳಿಗೆ! ಅವಳು ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ತಪ್ಪು ನನ್ನದೆಂದು ಹೇಳುವಾಗ ನನಗೆ ನಾಚಿಕೆಯಾಯಿತು. ಅಂದೇ ರಕ್ತ ಕೊಟ್ಟರು. ಅವನೀಗ ಎದ್ದು ಗಂಜಿ ಕುಡಿಯುತ್ತಿದ್ದಾನೆ. ಮಧ್ಯಾಹ್ನ ಲ್ಯಾಬಿಗೆ ಮರಳಿ ಆ ಸಾಲು ಸೇರಿಸಿದೆ. ಕೆಲಸ ಎಷ್ಟು ಹೊತ್ತಿನದು? ಒಂದು ನಿಮಿಷದ್ದು.

ನಿನ್ನೆ ಮಾಲಕರ ಫೋನ್. ಕಾಪುವಿನಲ್ಲಿ ಹೊಸ ಶಾಖೆ, ಅಲ್ಲಿಯ ಉದ್ಘಾಟನೆಗೂ ಬಟನ್ ಬೇಕಂತೆ. ಆಗುವುದಿಲ್ಲ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. "ಛೆ, ಪಾಪ" ಎಂದರು. ಹಿಂದೆಯೇ, "ಆದ್ರೂ ಒಂದು ದಿನಕ್ಕೆ ಅಲ್ವಾ? ನಿಮ್ಮದೆಂತ ಹೋಗ್ತದೆ?" ಎಂದು ಕೇಳಿದರು.

ಹೌದಲ್ಲ, ನನ್ನದೇನು ಹೋಗುತ್ತದೆ? ಮಲಗಿದ್ದವನು ರೇಣುಕವ್ವನ ಗಂಡ ತಾನೇ?