ನಿಂಬೆಹಣ್ಣಿನ ಪಕ್ಕದ ಸೀಸೆ

ನಮ್ಮ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಕೂರುವುದು ನಿಂಬೆಹಣ್ಣು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಮಡಿಯುಟ್ಟು ನೈವೇದ್ಯದ ಹಾಲು ತೆಗೆಯಲು ಹೋದರೆ ಅವುಗಳ ನಡುವೆ ಬಿಳಿ ಪುಡಿಯ ಪುಟ್ಟ ಸೀಸೆಯೊಂದಿತ್ತು. ಯಾರು ಮುಟ್ಟಿದ್ದೋ ಏನೋ. ಬಾಳೆಲೆಯ ಚೂರಿನಲ್ಲಿ ಹಿಡಿದು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು ಮರೆತುಬಿಟ್ಟೆ. ಅವತ್ತು ಒಳ್ಳೇ ಬಿಸಿಲು.

ಸಂಜೆ ಯಜಮಾನರು ಅದನ್ನೇ ಹುಡುಕಿದರು. ಪಾರ್ಕಿನಲ್ಲಿ ಜೊತೆಗೆ ನಡೆಯುವ ಸ್ನೇಹಿತರೊಬ್ಬರು ಕೊಟ್ಟದ್ದಂತೆ. ನೀರಿನಲ್ಲಿ ಕರಗಿಸಿ ಸೂಜಿಯಿಂದ ಹೊಟ್ಟೆಗೆ ಚುಚ್ಚಿಕೊಂಡರೆ ಹರೆಯದ ಕಸುವು ಮರಳುತ್ತದಂತೆ. ಪೂಜೆ ಮುಗಿದ ಮೇಲೆ ಮೊದಲ ಸಲ ಚುಚ್ಚಿಕೊಳ್ಳುವವರಿದ್ದರು, ನನಗೆ ಹೇಳದೆ!

"ತಣ್ಣಗಿಡಬೇಕಿತ್ತು ಕಣೇ. ನಿನ್ನ ಮಡಿಯಿಂದ ಕೆಟ್ಟೋಯ್ತು."

ಔಷಧ ಸಂಶೋಧನೆಯ ಲ್ಯಾಬಿನಲ್ಲಿರುವ ನನ್ನ ಅಕ್ಕನ ಮಗಳು ಅಷ್ಟರಲ್ಲಿ ಅರಿಶಿನ ಕುಂಕುಮಕ್ಕೆ ಬಂದಳು. ಸೀಸೆಯನ್ನು ಕಣ್ಣ ಹತ್ತಿರ ಹಿಡಿದು ಓದಿದಳು.

"ಚಿಕ್ಕಪ್ಪ, ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತ ಬರೆದಿದೆ. ನೀವೇನು ನಮ್ಮ ಲ್ಯಾಬಿನ ಇಲೀನಾ?"

ಕುಂಕುಮದ ತಟ್ಟೆ ಹಿಡಿದೇ ನಾನು ಕೇಳುತ್ತ ನಿಂತೆ. ಮಿದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿ ಇದೆಯಂತೆ. ಸಂದೇಶ ಬಂದಾಗ ಅದು ಬೆಳವಣಿಗೆಯ ಹಾರ್ಮೋನು ಬಿಡುತ್ತದೆ. ಈ ಪುಡಿ, ಅಂದರೆ ಪೆಪ್ಟೈಡು, ಆ ಸಂದೇಶದ ನಕಲು. ನನಗೆ ಮೈ ಜುಮ್ಮೆಂದಿತು. ಐವತ್ತು ವರ್ಷ ಈ ತಲೆಯಲ್ಲಿ ಭಗವಂತ ಅಂಥದ್ದೊಂದನ್ನು ದುಡಿಸಿದ್ದಾನೆ, ನನಗೆ ಗೊತ್ತೇ ಇಲ್ಲ! ನಕಲು ಸಂದೇಶ ಹೋದರೆ ಸಕ್ಕರೆ ಏರಬಹುದು, ಕಾಲು ಊದಬಹುದು, ವರ್ಷಗಳ ಮೇಲೆ ಏನಾಗುತ್ತದೋ ಸರಿಯಾಗಿ ಗೊತ್ತಿಲ್ಲ ಎಂದಳು. ಇಂಥ ಸೀಸೆಯಲ್ಲಿ ಚೀಟಿ ಹೇಳಿದ್ದೇ ಇದೆಯೋ, ಚೊಕ್ಕವಾಗಿದೆಯೋ ಎಂದು ನೋಡಿದವರೂ ಇಲ್ಲವಂತೆ.

ಇವರ ಸಕ್ಕರೆ ಆಗಲೇ ಗಡಿಯಲ್ಲಿದೆಯೆಂದು ಡಾಕ್ಟರು ಎಚ್ಚರಿಸಿದ್ದರು. ದೇವಿ ನನ್ನ ಕೈಯಿಂದಲೇ ಅದನ್ನು ಬಿಸಿಲಿಗಿಡಿಸಿದಳು, ಇನ್ನೇನು ಹೇಳಲಿ.

ಇವರು ಮಾತ್ರ ಸೋಲಲಿಲ್ಲ. "ಇದನ್ನ ಕೊಟ್ಟವನೂ ಚುಚ್ಕೋತಾನೆ, ಅವನಿಗೇನೂ ಆಗಿಲ್ವಲ್ಲ?"

"ಎಷ್ಟು ದಿನದಿಂದ ತಗೋತಿದಾರೆ?"

"ಹತ್ತು ದಿನ." ಆಮೇಲೆ ತಗ್ಗಿದ ದನಿಯಲ್ಲಿ, "ಕಾಲು ಭಾರ ಅಂತಿದ್ದ. ಶುಗರ್ ಮಾತ್ರೆ ಬೇರೆ ನುಂಗ್ತಾನೆ."

ಬಡಿಸಿದ್ದ ಒಬ್ಬಟ್ಟು ಎಲೆಯ ಮೇಲೇ ಇತ್ತು. ಇವರು ಅಂಗಿ ಸಿಕ್ಕಿಸಿಕೊಂಡು, ಸೀಸೆಯನ್ನು ಜೇಬಿಗಿಳಿಸಿ, ಸ್ನೇಹಿತರನ್ನು ತಡೆಯಲು ಅವರ ಮನೆಗೆಂದು ಬೀದಿಗಿಳಿದೇಬಿಟ್ಟರು. ಅಕ್ಕನ ಮಗಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದಳು.