ಟ್ಯಾಂಕಿನೊಳಗಿನ ಝಳ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಆಗ ನಾನು ಕೊಪ್ಪಳದಲ್ಲಿ ಒಂದು ದ್ರಾಕ್ಷಿ ಸಂಶೋಧನಾ ಯೋಜನೆಯ ಹಿರಿಯ ರಸಾಯನ ವಿಜ್ಞಾನಿಯಾಗಿದ್ದೆ. ವೈನ್‌ಗೆಂದೇ ಬೆಳೆದ ದ್ರಾಕ್ಷಿಯಲ್ಲಿ ಸಕ್ಕರೆ ಎಷ್ಟು, ಹುಳಿ ಎಷ್ಟು, ಸಿಪ್ಪೆಯಲ್ಲಿ ಒಗರು ಎಷ್ಟು ಎಂದು ಅಳೆಯುವುದು, ಅದರಿಂದಾದ ವೈನ್ ಯಾಕೆ ಚೆನ್ನಾಯಿತು ಅಥವಾ ಯಾಕೆ ಕೆಟ್ಟಿತು ಎಂದು ಹೇಳುವುದು ನನ್ನ ಕೆಲಸ. ಕುಷ್ಟಗಿಯಲ್ಲಿರುವ ನನ್ನ ನೆಂಟರ ಬಾಯಲ್ಲಿ ನಾನು ‘ಕುಡಿಯೋದಕ್ಕ ಪಗಾರ ತಗೊಳ್ಳಾಕಿ’. ರುಚಿ ನೋಡಿದ ವೈನನ್ನು ನಾವು ಉಗುಳುತ್ತೇವೆ, ನುಂಗುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿ ನಕ್ಕು ಸುಮ್ಮನಾಗುತ್ತಿದ್ದೆ. ಆ ವರ್ಷದ ನಂತರ ಅಂಥ ಮಾತಿಗೆ ನನಗೆ ನಗು ಬಂದಿಲ್ಲ.

ನಮ್ಮ ಪ್ರಯೋಗ ನಡೆಯುತ್ತಿದ್ದದ್ದು ಕುಕನೂರು ಕಡೆಯ ಒಂದು ಸಣ್ಣ ವೈನರಿಯಲ್ಲಿ. ಅದರ ಹೆಸರು ಇಲ್ಲಿ ಬೇಡ, ಈಗ ಅದು ಮುಚ್ಚಿದೆ. ನಮ್ಮ ಬಿಸಿಲಿಗೆ ದ್ರಾಕ್ಷಿಯಲ್ಲಿ ಸಕ್ಕರೆ ಬೇಗ ಏರುತ್ತದೆ, ಮ್ಯಾಲಿಕ್ ಆಸಿಡ್ ಎಂಬ ಹುಳಿ ಅಷ್ಟೇ ಬೇಗ ಇಳಿಯುತ್ತದೆ. ಹುಳಿ ಇಳಿದರೆ ವೈನ್ ಸಪ್ಪೆಯಾಗುತ್ತದೆ, ಬಣ್ಣ ನಿಲ್ಲುವುದಿಲ್ಲ, ಬೇಡದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ತಂಪಿನಲ್ಲಿ ಹುದುಗಿಸಿದರೆ ವೈನಿನ ಗುಣವನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬುದೇ ನಮ್ಮ ಪ್ರಶ್ನೆಯಾಗಿತ್ತು. ಕರೆಂಟಿನ ಕೂಲಿಂಗ್ ದುಬಾರಿ ಎಂದು ಮಾಲೀಕರು ಎರಡು ಸಿಮೆಂಟ್ ಟ್ಯಾಂಕುಗಳನ್ನು ನೆಲದೊಳಗೇ ಕಟ್ಟಿಸಿದ್ದರು. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಒಂದು ಏಣಿ.

ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದು ಲೀಟರ್ ರಸದಿಂದ ಸುಮಾರು ಐವತ್ತು ಲೀಟರ್ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ನೀರಿನಂತೆ ನಿಂತುಬಿಡುತ್ತದೆ. ವೈನ್ ಬಸಿದ ಮೇಲೆ ತಳದಲ್ಲಿ ಉಳಿಯುವ ಸಿಪ್ಪೆ ಮತ್ತು ಬೀಜದ ಗಟ್ಟಿಯನ್ನು ಅಲ್ಲಿಯ ಕೆಲಸಗಾರರು ‘ಹಿಂಡಿ’ ಎನ್ನುತ್ತಿದ್ದರು. ಅದನ್ನು ತೆಗೆಯಲು ಒಬ್ಬರು ಒಳಗೆ ಇಳಿಯಲೇಬೇಕು. ಇಳಿಯುವ ಮುನ್ನ ಬ್ಲೋವರ್‌ನಿಂದ ಗಾಳಿ ಊದಬೇಕು, ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಬೇಕು ಎಂಬುದು ನಿಯಮ.

ಈ ನಿಯಮವನ್ನು ಕೆಲಸಗಾರರಿಗೆ ಹೇಳಿಕೊಟ್ಟವನು ಸೂಪರ್‌ವೈಸರ್ ವೀರೇಶ. ಕುಕನೂರಿನವನೇ, ಮನುಷ್ಯ ಒಳ್ಳೆಯವನು. ಗೋಡೆಯ ಬೋರ್ಡಿನಲ್ಲಿ ‘ಇಂಗಾಲದ ಡೈಆಕ್ಸೈಡ್ ಇದೆ, ಎಚ್ಚರಿಕೆ’ ಎಂದಿತ್ತು. ಅದು ಯಾರ ತಲೆಗೂ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗ್ಯಾಸ್ ಎಂದರೆ ಎಲ್ಲರಿಗೂ ಅಡುಗೆಮನೆಯ ಸಿಲಿಂಡರ್ ನೆನಪಾಗುತ್ತದೆ. ಹಾಗಾಗಿ ಅವನು ತಿಳಿಯುವ ಮಾತಿನಲ್ಲೇ ಹೇಳಿದ: “ಹಗೇದಾಗ ಝಳ ಇರ್ತೈತಲ್ರಿ, ಅದ ಇಲ್ಲೂ ಇರ್ತೈತಿ. ಹುಷಾರ್.”

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇದೇ ಅನಿಲವನ್ನು ತುಂಬಿಸಿಬಿಡುತ್ತದೆ. ಅದಕ್ಕೆ ನಮ್ಮವರ ಹೆಸರು ಝಳ. ಹಗೇವುಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಆದರೆ ಅದನ್ನು ತೆಗೆಯುವ ರೀತಿಯನ್ನು ನಡುವಯಸ್ಸಿನವರು ಯಾರೂ ಮರೆತಿಲ್ಲ. ಬಾಯಿ ತೆಗೆದು ಝಳ ಹೋಗಲು ಬಿಡಬೇಕು. ಆಮೇಲೆ ಹಚ್ಚಿದ ಕಂದೀಲನ್ನು ಇಳಿಬಿಡಬೇಕು. ಆರಿದರೆ ಕಾಯಬೇಕು, ಉರಿದರೆ ಇಳಿಯಬಹುದು.

ಹಿಂಡಿ ತೆಗೆಯುವ ಕೆಲಸ ತಳಕಲ್ಲಿನ ಯಮನೂರಪ್ಪನದು. ಗಟ್ಟಿ ಆಳು, ಮಾತಿನಲ್ಲಿ ಚೂಟಿ. ಅವನ ಹೆಂಡತಿ ಶಾಂತವ್ವ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರುತ್ತಿದ್ದ ಅಂಗಡಿಯ ಮುಂದೆ ಕುಳಿತು ಅದನ್ನು ಮುಚ್ಚಿಸಿದವಳು. ಆಗ ಅವರ ಜೊತೆ ಕುಳಿತ ಒಬ್ಬನೇ ಗಂಡಸು ಈ ಯಮನೂರಪ್ಪ. “ಹೆಂಡ್ತಿ ಅಂಗಡಿ ಮುಚ್ಚಸ್ತಾಳ, ನೀ ವೈನ್ ಮಾಡ್ತಿ, ಹೆಂಗಪಾ ಇದು?” ಎಂದು ಜೊತೆಯವರು ಕಾಡಿಸುತ್ತಿದ್ದರು. ಅವನ ಉತ್ತರ ಯಾವಾಗಲೂ ಒಂದೇ: “ಹಿಂಡೋದು ನನ್ನ ಕೆಲಸ, ಕುಡಿಯೋದು ಬೆಂಗಳೂರಿನೋರ ಕೆಲಸ.” ಹನಿ ವೈನನ್ನೂ ಅವನು ನಾಲಿಗೆಗೆ ಮುಟ್ಟಿಸಿದವನಲ್ಲ.

ಮಾರ್ಚ್ ತಿಂಗಳು. ಹಿಂದಿನ ದಿನ ಎರಡೂ ಟ್ಯಾಂಕುಗಳಿಂದ ವೈನ್ ಬಸಿದು, ಬಾಯಿ ತೆರೆದಿಟ್ಟಿದ್ದರು. ಬೆಳಿಗ್ಗೆ ಕೆಲಸಕ್ಕೆ ಬಂದಾಗ ಕರೆಂಟ್ ಇರಲಿಲ್ಲ, ಬ್ಲೋವರ್ ತಿರುಗಲಿಲ್ಲ. ಗ್ಯಾಸ್ ಮೀಟರ್ ಆಫೀಸಿನ ಕಪಾಟಿನಲ್ಲಿತ್ತು, ಅದರ ಬೀಗದ ಕೈ ವೀರೇಶನ ಹತ್ತಿರ. ವೀರೇಶ ಬಾಟಲಿ ತರಲು ಹೊರಗೆ ಹೋಗಿದ್ದ. ಬಿಸಿಲೇರುವ ಮೊದಲು ಹಿಂಡಿ ಎತ್ತದಿದ್ದರೆ ಕೊಳೆತು ನಾರುತ್ತದೆ. ಯಮನೂರಪ್ಪ ತನಗೆ ಗೊತ್ತಿದ್ದ ರೀತಿಯಲ್ಲೇ ಕಂದೀಲು ಹಚ್ಚಿ ಒಳಗೆ ಇಳಿಬಿಟ್ಟ. ಅದು ಉರಿಯಿತು. ಕಂದೀಲನ್ನು ಮೇಲೆತ್ತಿ ಬದಿಗಿಟ್ಟು, ಸಲಿಕೆ ಹಿಡಿದು ಇಳಿದ. ಮೇಲೆ ನಿಂತು ಬುಟ್ಟಿ ಎಳೆಯುತ್ತಿದ್ದವನು ಹುಸೇನಸಾಬ. ಮೊದಲ ಬುಟ್ಟಿ ಮೇಲೆ ಬಂತು. ಎರಡನೆಯದು ಬರಲಿಲ್ಲ.

ನಾನು ತಲುಪುವ ಹೊತ್ತಿಗೆ ಹೆಣವನ್ನು ಹಗ್ಗ, ಕೊಕ್ಕೆ ಹಾಕಿ ಮೇಲೆತ್ತಿ ಕೊಪ್ಪಳಕ್ಕೆ ಸಾಗಿಸಿದ್ದರು. ಅವನು ಹಿಂಡಿಯಲ್ಲಿ ಮುಖ ಅಡಿಯಾಗಿ ಬಿದ್ದಿದ್ದನಂತೆ. ಮೈ, ಬಟ್ಟೆ, ಬಾಯಿ ಎಲ್ಲವೂ ವೈನ್ ನಾರುತ್ತಿತ್ತು. ಕಂದೀಲು ಮಾತ್ರ ಟ್ಯಾಂಕಿನ ಬಾಯಿಯ ಪಕ್ಕದಲ್ಲಿ, ಆ ಹಗಲಿನಲ್ಲೂ ಉರಿಯುತ್ತಲೇ ಇತ್ತು. ಮಾಲೀಕರು ಅದನ್ನೇ ತೋರಿಸಿದರು: “ನೋಡ್ರಿ ಮೇಡಂ, ದೀಪ ಉರದೈತಿ ಅಂತ ಹುಸೇನಸಾಬನ ಹೇಳ್ತಾನ. ಝಳ ಇದ್ದಿದ್ರ ಆರಬೇಕಿತ್ತು. ಕುಡಿದು ಇಳಿದಾನ, ಜೋಲಿ ಹೋಗಿ ಬಿದ್ದಾನ.” ಸುತ್ತ ನಿಂತವರೆಲ್ಲ ಹಗೇವು ಕಂಡವರು, ಎಲ್ಲರೂ ತಲೆ ಅಲ್ಲಾಡಿಸಿದರು. ಅವರ ಲೆಕ್ಕದಲ್ಲಿ ದೀಪ ಸಾಕ್ಷಿ ಹೇಳಿತ್ತು. ಸಂಜೆಯೊಳಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಒಂದೇ ಮಾತು ಹಬ್ಬಿತು: ಅಂಗಡಿ ಮುಚ್ಚಿಸಿದಾಕಿಯ ಗಂಡ ಕುಡಿದು ಸತ್ತ.

ಮಣ್ಣು ಮಾಡಿದ ಮೇಲೆ ಶಾಂತವ್ವ ಒಬ್ಬಳೇ ನನ್ನ ಲ್ಯಾಬಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಅಕ್ಕಾರ, ಹಣ್ಣಿನ್ಯಾಗ ಹುಳಿ ಎಷ್ಟು, ಸಕ್ರಿ ಎಷ್ಟು ಅಂತ ಹೇಳ್ತೀರಂತ. ನಮ್ಮ ಮನಿಯವ್ರು ಕುಡಿದಿದ್ರೋ ಇಲ್ಲೋ, ಅದನ್ನ ಹೇಳ್ರಿ.”

ಅದು ನನ್ನ ಲ್ಯಾಬಿನ ಕೆಲಸವಲ್ಲ, ರಕ್ತದ ಮಾದರಿಯನ್ನು ಪೊಲೀಸರು ಬೇರೆ ಕಡೆ ಪರೀಕ್ಷೆಗೆ ಕಳಿಸಿದ್ದಾರೆ ಎಂದೆ.

“ನಾಳೆ ಆ ಅಂಗಡಿ ಮತ್ತ ತೆಗೀತಾರ್ರಿ. ನಾ ಹೋಗಿ ಕುಂತ್ರ, ಮೊದಲ ನಿನ್ನ ಗಂಡನ್ನ ನೋಡ್ಕೊ ಅಂತಾರ. ಅವ್ರು ಹೋದ್ರು, ಹೆಸರರ ಉಳೀಬೇಕಲ್ರಿ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಕಂದೀಲಿನ ಮೇಲೆ. ದೀಪ ಆರಬೇಕಾದರೆ ಗಾಳಿ ಬಹಳ ಕೆಡಬೇಕು. ಮನುಷ್ಯನಿಗೆ ತಲೆ ತಿರುಗಲು ಅಷ್ಟು ಬೇಕಿಲ್ಲ, ಅದಕ್ಕಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಸಾಕು. ಇನ್ನೂ ಒಂದು ವ್ಯತ್ಯಾಸವಿದೆ. ಹಗೇವಿನ ಜೋಳ ಒಣಗಿರುತ್ತದೆ, ಝಳ ಒಮ್ಮೆ ಹೋದರೆ ಹೆಚ್ಚುಕಡಿಮೆ ಹೋದಂತೆಯೇ. ಹಸಿ ಹಿಂಡಿಯಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ, ಅನಿಲ ಅದರ ಹೊಟ್ಟೆಯಲ್ಲೇ ಕೂತಿರುತ್ತದೆ. ಸಲಿಕೆ ಹಾಕಿ ಕೆದಕಿದರೆ ಭುಸ್ಸೆಂದು ಏಳುತ್ತದೆ. ಇದನ್ನು ಕಾಗದದಲ್ಲಿ ಬರೆದರೆ ತಳಕಲ್ಲಿನಲ್ಲಿ ಯಾರೂ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು.

ಎರಡನೇ ಟ್ಯಾಂಕಿನ ಹಿಂಡಿಯನ್ನು ಯಾರೂ ಮುಟ್ಟಿರಲಿಲ್ಲ. ತನಿಖೆಯ ಪಿಎಸ್‌ಐ ಸಾಹೇಬರ ಒಪ್ಪಿಗೆ ಪಡೆದು, ಮಾರನೇ ದಿನ ಅವರನ್ನೂ ಊರಿನವರನ್ನೂ ವೈನರಿಗೆ ಕರೆಸಿದೆ. ಯಾರೂ ಬಾಯಿಯ ಹತ್ತಿರ ಬಗ್ಗದಂತೆ ಹಗ್ಗ ಕಟ್ಟಿಸಿದೆ. ಅದೇ ಕಂದೀಲನ್ನು, ಅದರ ಪಕ್ಕದಲ್ಲೇ ನನ್ನ ಮೀಟರನ್ನು, ಉದ್ದನೆಯ ಬಿದಿರಿಗೆ ಕಟ್ಟಿ ಇಳಿಬಿಟ್ಟೆವು. ಇಳಿಯುವ ಹಾಗಿಲ್ಲ ಎಂದು ಮೀಟರ್ ಕೂಗತೊಡಗಿತು. ದೀಪ ಉರಿಯುತ್ತಲೇ ಇತ್ತು.

“ಉರ್ಯಾಕ ಹತ್ತೈತಿ,” ಎಂದರು ಯಾರೋ.

“ಉರೀಲಿ, ನೋಡ್ರಿ,” ಎಂದೆ. ಇನ್ನೊಂದು ಬಿದಿರಿನಿಂದ ಹಿಂಡಿಯನ್ನು ಕೆದಕಲು ಹುಸೇನಸಾಬನಿಗೆ ಹೇಳಿದೆ. ಅವನು ಒಂದೆರಡು ಸಲ ಜೋರಾಗಿ ತಿವಿದ. ದೀಪದ ಕುಡಿ ಸಣ್ಣದಾಯಿತು, ನೀಲಿಯಾಯಿತು, ಆರಿತು. ಹುಸೇನಸಾಬ ಬಿದಿರು ಬಿಟ್ಟು ಅಲ್ಲೇ ಕುಕ್ಕರಿಸಿದ. ವೀರೇಶ ಗೋಡೆಗೆ ಮುಖ ಮಾಡಿ ನಿಂತಿದ್ದ. “ಝಳ ಅಂತ ಹೇಳಿದಾಂವ ನಾನಽ,” ಎಂದ. ವೀರೇಶ ಮತ್ತೆ ಆ ಕೆಲಸಕ್ಕೆ ಬರಲಿಲ್ಲ.

ಶಾಂತವ್ವ ಟ್ಯಾಂಕಿನ ಬಾಯಿಯನ್ನೇ ನೋಡುತ್ತಿದ್ದಳು. ಗಂಡನ ಹೆಸರು ಉಳಿಸಲು ನಾನು ಅವಳಿಗೆ ಅವನ ಸಾವನ್ನೇ ತೋರಿಸಿದ್ದೆ. ಅದು ನನಗೆ ಹೊಳೆದದ್ದು ಆಗಲೇ.

“ಇಷ್ಟ ಹೊತ್ತಿನ್ಯಾಗ ಆತೇನ್ರಿ ಅಕ್ಕಾರ?” ಎಂದಳು.

“ಹೌದವ್ವ. ಭಾಳ ಹೊತ್ತು ಹಿಡಿದಿಲ್ಲ.”

ಅವಳು ಸೆರಗು ಸರಿಮಾಡಿಕೊಂಡು ಊರಿನವರ ಕಡೆ ತಿರುಗಿದಳು. “ನೋಡಿದ್ರಲ್ಲ. ಇನ್ನ ಹೋಗ್ರಿ ಮನಿಗೆ,” ಎಂದಳು. ಎಲ್ಲರೂ ಹೋದರು.

ಕೆಲವು ತಿಂಗಳ ನಂತರ ಪರೀಕ್ಷೆಯ ವರದಿ ಬಂತು. ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಕಂಡಿದೆ ಎಂದಿತ್ತು. ವೈನ್ ತೊಟ್ಟಿಕ್ಕುವ ಹಿಂಡಿಯಲ್ಲಿ ಬಾಯಿ ಹುದುಗಿ ಬಿದ್ದವನ ದೇಹದಲ್ಲಿ, ಅದೂ ಹೆಣದಲ್ಲಿ ತಾನಾಗಿಯೇ ಆಲ್ಕೋಹಾಲ್ ಹುಟ್ಟುವಂಥ ಮಾರ್ಚ್ ಬಿಸಿಲಿನಲ್ಲಿ, ಅಷ್ಟು ಕಂಡರೆ ಕುಡಿದಿದ್ದ ಎಂದು ಹೇಳಲಾಗದು ಎಂದು ನಾನು ಬರೆದುಕೊಟ್ಟೆ. ಪೊಲೀಸರು ಸಾವಿಗೆ ಅನಿಲವೇ ಕಾರಣ ಎಂದು ದಾಖಲಿಸಿದರು. ಆದರೆ ವರದಿಯ ಆ ಒಂದು ಸಾಲು ಹೇಗೋ ಹೊರಗೆ ಬಿತ್ತು. ಅಂಗಡಿಯೂ ಮತ್ತೆ ತೆರೆಯಿತು. ಶಾಂತವ್ವ ಮತ್ತೆ ಹೋಗಿ ಅದರ ಮುಂದೆ ಕುಳಿತಳು ಎಂದು ಕೇಳಿದೆ. ಈ ಸಲ ಅವಳ ಜೊತೆ ಕುಳಿತವರು ಕಡಿಮೆ.

ಜನಕ್ಕೆ ತಿಳಿಯುವ ಮಾತಿನಲ್ಲಿ ವಿಜ್ಞಾನ ಹೇಳಬೇಕು ಎಂದು ಎಲ್ಲರೂ ನಮಗೆ ಉಪದೇಶ ಮಾಡುತ್ತಾರೆ. ವೀರೇಶ ಅದನ್ನೇ ಮಾಡಿದ್ದ. ತಿಳಿಯುವ ಮಾತು ತನ್ನ ಜೊತೆ ತನ್ನದೇ ಪದ್ಧತಿಯನ್ನೂ ಕರೆತರುತ್ತದೆ, ಆ ಪದ್ಧತಿ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕು. ಇದು ನನ್ನ ಕೆಲಸ ನನಗೆ ಕಲಿಸಿದ ಪಾಠ. ಈಗ ತರಬೇತಿಗೆ ಹೋದಲ್ಲೆಲ್ಲ ನಾನು ಹೇಳುತ್ತೇನೆ: “ಇದೂ ಝಳಾನ, ಆದ್ರ ಇದು ಹಗೇವಲ್ಲ. ಇಲ್ಲಿ ದೀಪ ನಂಬಬ್ಯಾಡ್ರಿ.”

ಹೋದ ವರ್ಷ ಹಿಟ್ನಾಳದ ಹತ್ತಿರ ಇಂಥದೇ ತರಬೇತಿ ಮುಗಿಸಿ ಹೊರಡುತ್ತಿದ್ದೆ. ಕೆಲಸಗಾರನೊಬ್ಬ ಹಿಂದೆಯೇ ಬಂದ. “ಮೇಡಂ, ತಳಕಲ್ಲಿನಾಂವ ಒಬ್ಬ ಕುಡಿದು ಟ್ಯಾಂಕಿನ್ಯಾಗ ಬಿದ್ದು ಸತ್ತನಂತಲ್ರಿ?” ಎಂದ. ನಾನು ಕೈಚೀಲ ಕೆಳಗಿಟ್ಟು ಅವನನ್ನು ಕೂರಿಸಿಕೊಂಡೆ. “ಕುಡಿದಿರಲಿಲ್ಲಪಾ,” ಎಂದು ಮೊದಲಿನಿಂದ ಹೇಳತೊಡಗಿದೆ.