ರಿಜೆಕ್ಟ್ ಆದ ನಾಲ್ಕನೆಯ ಬಾಟಲಿ

೨೦೦೫ನೆಯ ಇಸವಿ, ಜೂನ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನಾನು ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ಒಂದು ವೈನ್ ಶಾಪಿನ ಮುಂದೆ ನಿಂತಿದ್ದೆ. ಎಡಗಾಲು ಎರಡನೆಯ ಮೆಟ್ಟಿಲ ಮೇಲೆ, ಬಲಗಾಲು ಮೊದಲನೆಯದರ ಮೇಲೆ. ಬಲಗೈ ಮುಂದಕ್ಕೆ ಚಾಚಿತ್ತು. ಅಂಗೈಯಲ್ಲಿ ಮೂರು ಹನಿ ವಿಸ್ಕಿ ಇತ್ತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿ ಕೇಳಿದವರಲ್ಲಿ ಅರ್ಧ ಜನ, ಆ ಮೂರು ಹನಿ ಅಂಗೈ ಬಿಟ್ಟು ಆಗಲೇ ನನ್ನ ಹೊಟ್ಟೆ ಸೇರಿದ್ದವು ಎಂದುಕೊಳ್ಳುತ್ತಾರೆ.

ನಾನು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಮಿಸ್ಟ್ ಆಗಿದ್ದವನು. ಚಳ್ಳಕೆರೆಯಲ್ಲೂ ವೈನ್ ಶಾಪುಗಳಿದ್ದವು. ಆದರೆ ನಮ್ಮ ಕಡೆ ಮರ್ಯಾದಸ್ಥರು ಸ್ವಂತ ಊರಿನಲ್ಲಿ ಬಾಟಲಿ ಕೊಳ್ಳುವುದಿಲ್ಲ. ಚಳ್ಳಕೆರೆಯವರು ಮೊಳಕಾಲ್ಮೂರಿಗೆ ಹೋಗುತ್ತಾರೆ, ಮೊಳಕಾಲ್ಮೂರಿನವರು ಚಳ್ಳಕೆರೆಗೆ ಬರುತ್ತಾರೆ. ವಾಪಸು ಬರುವಾಗ ಬಾಟಲಿಯನ್ನು ರೇಷ್ಮೆ ಸೀರೆ ಅಂಗಡಿಯ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಹೀಗಾಗಿ ಶನಿವಾರದ ಬಸ್ಸಿನಲ್ಲಿ ಸೀರೆ ಚೀಲ ಹಿಡಿದ ಗಂಡಸು ಕಂಡರೆ ಕಂಡಕ್ಟರ್ ಸಹ, ಡ್ರೈವರ್ ಬ್ರೇಕ್ ಹಾಕುವ ಮುಂಚೆ, 'ಸೀರೆ ಹುಷಾರ್ರೀ' ಎಂದು ಎಚ್ಚರಿಸುತ್ತಿದ್ದ. ಗುಟ್ಟು ಎನ್ನುವುದು ನಮ್ಮಲ್ಲಿ ಹೀಗೆ, ಎಲ್ಲರೂ ಸೇರಿ ಕಾಪಾಡಿಕೊಂಡು ಬಂದದ್ದು.

ಅದು ಬಳ್ಳಾರಿ ಕಡೆಯ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಗಣಿ ಕಂಟ್ರಾಕ್ಟರುಗಳು ಬರುತ್ತಾರೆಂದು ಅಂಗಡಿಯ ಓಬಳೇಶ ಬೆಂಗಳೂರಿನಿಂದ ನಾಲ್ಕು ಥರದ ಸಿಂಗಲ್ ಮಾಲ್ಟ್ ಸ್ಕಾಚ್ ತರಿಸಿದ್ದ. ಕಂಟ್ರಾಕ್ಟರುಗಳು ಬಂದರು, ರುಚಿ ನೋಡಲಿಕ್ಕೆ ಇದ್ದ ಹೆಬ್ಬೆರಳುದ್ದದ ಸ್ಯಾಂಪಲ್ ಬಾಟಲಿಗಳನ್ನು ಮುಕ್ಕಾಲು ಖಾಲಿ ಮಾಡಿದರು, ಎಂದಿನ ರಮ್ ಕೊಂಡು ಹೋದರು. ಜೂನ್ ಮುಗಿದರೆ ಲೈಸೆನ್ಸಿನ ವರ್ಷ ಮುಗಿಯುತ್ತದೆ. ಓಬಳೇಶ ಬೆಲೆಯ ಮೇಲೆ ಗೀಟೆಳೆದು ಅರ್ಧಕ್ಕೆ ಇಳಿಸಿದ್ದ. ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತಾಗ ಒಂದು ಹಳೆಯ ಮ್ಯಾಗಜಿನ್ನಿನಲ್ಲಿ ಈ ಮಾಲ್ಟಿನ ಬಗ್ಗೆ ಓದಿದಂದಿನಿಂದ ಜೀವಮಾನದಲ್ಲಿ ಒಂದು ಬಾಟಲಿ ಕೊಳ್ಳಬೇಕೆಂಬ ಆಸೆ ನನಗಿತ್ತು.

ಮಾಲ್ಟ್ ಎಂದರೆ ದೊಡ್ಡ ಮಾತೇನಲ್ಲ. ನಮ್ಮಲ್ಲಿ ಹಸುಗೂಸಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಕುಡಿಸುತ್ತಾರಲ್ಲ, ಅದೇ. ಸ್ಕಾಟ್ಲೆಂಡಿನವರು ರಾಗಿಯ ಬದಲು ಬಾರ್ಲಿ ಮೊಳಕೆ ಕಟ್ಟಿ, ಅದರಿಂದ ಇಳಿಸಿದ್ದನ್ನು ಪೀಪಾಯಿಯಲ್ಲಿ ಹತ್ತು ಹನ್ನೆರಡು ವರ್ಷ ಇಡುತ್ತಾರೆ. ಕೂಸಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಓಬಳೇಶನ ನಾಲ್ಕರಲ್ಲಿ ಮೊದಲನೆಯದು ತೆಳ್ಳಗಿನ ಹುಲ್ಲು ಹೂವಿನ ಜಾತಿ. ಎರಡನೆಯದು ನದೀ ಕಣಿವೆಯದು, ಸೇಬು ಜೇನಿನ ಜಾತಿ. ಮೂರನೆಯದು ದ್ರಾಕ್ಷಿ ಮದ್ಯದ ಹಳೇ ಪೀಪಾಯಿಯಲ್ಲಿ ಮಲಗಿದ್ದು, ಒಣದ್ರಾಕ್ಷಿಯ ಹಾಗೆ ಸಿಹಿ. ನಾಲ್ಕನೆಯದು ಒಂದು ದ್ವೀಪದ್ದು. ಅಲ್ಲಿ ಜೌಗು ನೆಲದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕಡಿದು, ಒಣಗಿಸಿ, ಅದನ್ನೇ ಉರಿಸಿ, ಆ ಹೊಗೆಯ ಮೇಲೆ ಬಾರ್ಲಿ ಒಣಗಿಸುತ್ತಾರೆ.

ಇವುಗಳಲ್ಲಿ ಒಂದನ್ನು ಆರಿಸುವುದು ನನ್ನಂಥವನಿಂದ ಆಗುವ ಕೆಲಸವಲ್ಲ. ಶರ್ಟಿನ ಬಟ್ಟೆ ಆರಿಸಲಿಕ್ಕೆ ಹೋಗಿ ಕೊನೆಗೆ ಅಂಗಡಿಯವನು ತೊಟ್ಟಿದ್ದ ಬಣ್ಣವನ್ನೇ ಕೊಡಿ ಎಂದವನು ನಾನು. ಇಪ್ಪತ್ತೆರಡು ವರ್ಷ ಬೆಲ್ಲ, ಹುಣಸೆಹಣ್ಣು, ಕಾಫಿಪುಡಿ ಏನೇ ಕೊಂಡರೂ ಜೊತೆಯಲ್ಲಿ ದಾದಾಪೀರ್ ಅವರನ್ನು ಕರೆದೊಯ್ಯುತ್ತಿದ್ದೆ. ಅವತ್ತೂ ಕರೆದೊಯ್ದಿದ್ದೆ.

ದಾದಾಪೀರ್ ನಮ್ಮ ಮಿಲ್ಲಿನ ಮೂಗು. ನನಗಿಂತ ಆರು ವರ್ಷ ಹಿರಿಯರು. ಎಲ್ಲರಿಗೂ ದಾದಾ ಭಾಯ್. ಶೇಂಗಾ ಲಾರಿ ಬಂದರೆ ಅವರು ಚೀಲಕ್ಕೆ ಬಂಬು ಎಂಬ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಸಿ, 'ಪಾಸ್' ಅಥವಾ 'ರಿಜೆಕ್ಟ್' ಅನ್ನುತ್ತಿದ್ದರು. ತೇವ, ಬೂಸ್ಟು, ಹಳೇ ಮಾಲಿನ ಬೆರಕೆ ಎಲ್ಲವೂ ಆ ಮೂಗಿಗೆ ಸಿಕ್ಕುತ್ತಿತ್ತು. ನಾನು ಲ್ಯಾಬಿನಲ್ಲಿ ಗಾಜಿನ ಬ್ಯುರೆಟ್ ಹಿಡಿದು ಮುಕ್ಕಾಲು ಗಂಟೆ ಹನಿ ಹನಿ ಎಣಿಸಿ, ಅವರು ಆಗಲೇ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದೆ.

ಹಿಂದಿನ ದೀಪಾವಳಿಯ ಹೊತ್ತಿಗೆ ಅವರಿಗೆ ಹನ್ನೆರಡು ದಿನ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಸೀಮೆಎಣ್ಣೆಯೂ ನೀರೂ ಒಂದೇ. ಮೂಗೇ ಅನ್ನವಾದ ಮನುಷ್ಯ, ಹೇಳಿದ್ದು ನನ್ನೊಬ್ಬನಿಗೆ. ಆಗ ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವು. ಲಾರಿ ಬಂದಾಗ ಅವರು ಕಾಳು ತಿಕ್ಕಿ ಮೂಸುತ್ತ ನಿಲ್ಲುವುದು, ನಾನು ಲ್ಯಾಬಿನಲ್ಲಿ ಪರೀಕ್ಷೆ ಮುಗಿಸಿ ಕಿಟಕಿಯ ಹತ್ತಿರ ಬಂದು ಕೆಮ್ಮುವುದು. ಒಂದು ಕೆಮ್ಮು ಪಾಸ್, ಎರಡು ರಿಜೆಕ್ಟ್. ನನ್ನ ಪರೀಕ್ಷೆ ಮುಗಿಯುವವರೆಗೆ ಅವರು ಚೀಲದಿಂದ ಚೀಲಕ್ಕೆ ಹೋಗಿ ಮೂಸುತ್ತಲೇ ಇರಬೇಕು. ನೋಡಿದ ಹಮಾಲರು, 'ದಾದಾ ಭಾಯ್ ಈಗ ಇನ್ನೂ ಆಳಕ್ಕೆ ಇಳ್ದು ನೋಡ್ತಾರೆ' ಅಂದುಕೊಂಡರು. ಅವರ ಕೀರ್ತಿ ಹೆಚ್ಚಿತು. ಮಿಲ್ಲಿನ ಸಾಹುಕಾರರು ನನಗೆ ಕೆಮ್ಮಿನ ಔಷಧಿ ತರಿಸಿಕೊಟ್ಟರು. ಇಲ್ಲೇ ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಸತ್ಯ ಹೇಳಬೇಕು ಎಂದು ಕೆತ್ತಿಸಿದ್ದಾನೆ. ಕೆಮ್ಮಿನ ವಿಷಯ ಏನೂ ಬರೆಸಿಲ್ಲ. ಎಂಟು ತಿಂಗಳು ಅದೇ ನನಗೆ ಸಮಾಧಾನ.

ಆ ಶನಿವಾರದ ಬಸ್ಸು ತಳುಕು ದಾಟಿತು. ದಾದಾ ಭಾಯ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಸೋಮವಾರ ಸಾಹುಕಾರ್ರು ನನ್ನ ರಾಯದುರ್ಗಕ್ಕೆ ಹೋಗು ಅಂದವ್ರೆ. ಎರಡು ಲಾರಿ ಮಾಲು ಅಲ್ಲೇ ನೋಡಿ ಆರಿಸ್ಕೊಂಡು ಬಾ ಅಂತ."

"ಒಬ್ರೇನಾ?"

"ಒಬ್ನೇ. ಅಲ್ಲಿ ಕೆಮ್ಮೋರು ಯಾರವ್ರೆ ಲ್ಯಾಬ್ ಸಾರ್? ಬಸ್, ಸಾಕು. ಇವತ್ತು ಸಾಯಂಕಾಲ ಹೇಳಿಬಿಡ್ತೀನಿ. ಇಜ್ಜತ್ ಇರೋವಾಗ್ಲೇ ಬಿಡ್ಬೇಕು."

ಇಂಥ ಮಾತಿಗೆ ಹೆದರಿದವನು ಮಾಡುವುದನ್ನೇ ಮಾಡಿದೆ. ಊರು ಬರುವವರೆಗೂ ಸ್ಕಾಚಿನ ನಾಲ್ಕು ಜಾತಿಗಳ ಬಗ್ಗೆ ಮಾತಾಡಿದೆ. ಪಾಪ, ಅವರು ಕೇಳಿಸಿಕೊಂಡರು.

ಅವರು ಕುಡಿಯುವವರಲ್ಲ. ಅಂಗಡಿಯೊಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ರಸ್ತೆಯಲ್ಲಿ ನಿಂತರು. ಅವರ ಹಿಂದೆ ನಾಲ್ಕು ಹೆಜ್ಜೆ ಆಚೆ, ಸಣ್ಣಕ್ಕ ಎಂಬಾಕೆ ತಳ್ಳುಗಾಡಿಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಓಬಳೇಶ ಸ್ಯಾಂಪಲ್ ಬಾಟಲಿಗಳನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟು, "ಚೂಡಂಡಿ ಸಾರ್, ನಿಧಾನಕ್ಕೆ ನೋಡ್ರಿ" ಅಂದ. ನಾನು ಮೊದಲನೆಯದರಿಂದ ಮೂರು ಹನಿ ಅಂಗೈಗೆ ಹಾಕಿಕೊಂಡೆ, ತಿಕ್ಕಿದೆ, ಮೆಟ್ಟಿಲಿಳಿದೆ, ದಾದಾ ಭಾಯ್ ಮೂಗಿನ ಮುಂದೆ ಕೈ ಚಾಚಿದೆ.

ಚಾಚಿದ ಮೇಲೆ ನೆನಪಾಯಿತು. ಇಪ್ಪತ್ತೆರಡು ವರ್ಷದ ರೂಢಿ ನನ್ನ ಕೈಯನ್ನು ಅಲ್ಲಿಗೆ ಒಯ್ದಿತ್ತು. ಅಂದು ಸಂಜೆ ಕೆಲಸ ಬಿಡಬೇಕೆಂದು ಹೊರಟವರಿಗೆ ಮೂಸಿ ಹೇಳಿ ಎಂದು ಕೈ ಹಿಡಿದಿದ್ದೆ. ಹಿಂದಕ್ಕೆ ತೆಗೆದರೆ ಇನ್ನೂ ಕೆಟ್ಟದು. ಅವರು ನನ್ನ ಮುಖ ನೋಡಿದರು. ನನ್ನ ಮಾನ ಉಳಿಸಲಿಕ್ಕೆಂದೇ ಬಗ್ಗಿ, ಮಿಲ್ಲಿನಲ್ಲಿ ಮೂಸುವ ಹಾಗೆ ಕಣ್ಣು ಅರೆ ಮುಚ್ಚಿ ಮೂಸಿದರು.

"ಚೆನ್ನಾಗೈತೆ," ಅಂದರು.

ಒಮ್ಮೆ ಶುರುವಾದ ನಾಟಕ ನಡುವೆ ನಿಲ್ಲಿಸಲಾಗಲಿಲ್ಲ. ಎರಡನೆಯದು ತಂದೆ. "ಚೆನ್ನಾಗೈತೆ." ಮೂರನೆಯದು. "ಇದೂ ಚೆನ್ನಾಗೈತೆ." ಎಲ್ಲವೂ ಚೆನ್ನಾಗಿದೆ ಎನ್ನುವವರಿಗೆ ಏನೂ ಸಿಕ್ಕಿರುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ನಾಲ್ಕನೆಯದನ್ನು ಹಾಕಿಕೊಂಡೆ. ಈ ಸಲ ಪೂರ್ತಿ ಇಳಿಯಲೂ ಇಲ್ಲ. ಎಡಗಾಲು ಎರಡನೆಯ ಮೆಟ್ಟಿಲ ಮೇಲೇ ಇತ್ತು. ಅಲ್ಲಿಂದಲೇ ಕೈ ಚಾಚಿದೆ.

ದಾದಾ ಭಾಯ್ ಮೂಸಿದರು. ತಲೆ ಹಿಂದಕ್ಕೆ ಎಳೆದುಕೊಂಡರು. ಹುಬ್ಬು ಗಂಟಾಯಿತು. ನನ್ನ ಮಣಿಕಟ್ಟು ಹಿಡಿದು ಮತ್ತೊಮ್ಮೆ ಮೂಸಿದರು.

"ರಿಜೆಕ್ಟ್," ಅಂದರು.

ಓಬಳೇಶ ಒಳಗಿನಿಂದಲೇ, "ಏನ್ರೀ ಹಂಗಂದ್ರೆ?" ಅಂದ.

"ತೇವದ ಮಾಲಪ್ಪ ಇದು. ಮೊಳಕೆ ಒಡ್ದೈತೆ. ಅದನ್ನ ಮುಚ್ಚಾಕಕ್ಕೆ ಬೆಂಕಿ ಹೊಗೆ ಮ್ಯಾಲೆ ಒಣಗ್ಸಿದಾರೆ. ಹೊಟ್ಟು ಸುಟ್ಟ ವಾಸ್ನೆ ಬಡೀತೈತೆ. ತಗೋಬ್ಯಾಡ್ರಿ ಲ್ಯಾಬ್ ಸಾರ್, ಮೋಸ."

"ಅಯ್ಯೋ ಅನ್ನಾ, ನಾಲ್ಕರಾಗೆ ಅದೇ ದೊಡ್ಡ ಮಾಲು. ಆ ಹೊಗೆಗೇ ರೇಟು."

"ಯಾರೋ ನಿಂಗೆ ಟೋಪಿ ಹಾಕ್ಯಾರೆ," ಎಂದರು ದಾದಾ ಭಾಯ್. ಅಷ್ಟು ಹೇಳಿ ಬಾಯಿ ತೆರೆದುಕೊಂಡೇ ನಿಂತುಬಿಟ್ಟರು. ತಾವು ಏನು ಹೇಳಿದೆವು ಎಂಬುದು ಅವರಿಗೆ ಆಗ ಕೇಳಿಸಿತು. ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.

ಹೊಗೆಯ ವಿಷಯ ಬಸ್ಸಿನಲ್ಲಿ ನಾನೇ ಹೇಳಿದ್ದೆನಲ್ಲ, ಅದನ್ನೇ ನೆನಪಿಟ್ಟು ಹೇಳಿದರೆ? ಲ್ಯಾಬಿನವನ ಸಂಶಯ ಅಷ್ಟು ಬೇಗ ಸಾಯುವುದಿಲ್ಲ. ಅವರಿಗೆ ಕಣ್ಣು ಮುಚ್ಚಲು ಹೇಳಿದೆ. ಎಡ ಅಂಗೈಗೆ ನೀರು ಹಾಕಿಕೊಂಡೆ, ಬಲಕ್ಕೆ ಆ ವಿಸ್ಕಿ. ಅದಲು ಬದಲು ಮಾಡಿ ಐದು ಸಲ ಹಿಡಿದೆ. ಐದು ಸಲವೂ ಸರಿಯಾಗಿ ಹೇಳಿದರು. ಮೊದಲಿನ ಮೂರನ್ನು ಮತ್ತೆ ಹಿಡಿದೆ. ಅವು ಆಗಲೂ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು.

ಆಮೇಲೆ ದಾದಾ ಭಾಯ್ ತಿರುಗಿ ಸೀದಾ ಸಣ್ಣಕ್ಕನ ಗಾಡಿಗೆ ಹೋಗಿ ಒಂದು ಹಿಡಿ ಶೇಂಗಾ ಎತ್ತಿ ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದರು.

"ಎಲ್ರೂ ತಿಂದು ನೋಡ್ತಾರೆ, ನೀವೇನ್ರೀ ಮೂಸಿ ನೋಡ್ತೀರಿ?" ಅಂದಳು ಸಣ್ಣಕ್ಕ. "ಅವಲಕ್ಷಣ. ಕೊಳ್ಳೋದಾದ್ರೆ ಕೊಳ್ರಿ."

"ಸ್ವಲ್ಪ ತಳ ಹತ್ತೈತವ್ವಾ," ಅಂದರು ಅವರು.

"ಹತ್ತೈತೆ ಬಿಡ್ರಿ. ನಿಮ್ ಕೂಗಾಟ ನೋಡ್ತಾ ಸೌಟು ಆಡ್ಸಾದು ಮರ್ತೆ. ಯಾಕ್ರೀ ಅಳ್ತೀರಿ? ನಾನೇನು ಬೈದ್ನಾ?"

ನಾನು ನಾಲ್ಕನೆಯದನ್ನೇ ಕೊಂಡೆ. ಓಬಳೇಶ ಸೀರೆ ಚೀಲದಲ್ಲಿ ಹಾಕಿಕೊಟ್ಟ. ದಾದಾ ಭಾಯ್ ದಾರಿಯುದ್ದಕ್ಕೂ, "ಹೇಳಿದ್ರೂ ಕೇಳಲಿಲ್ಲ, ದುಡ್ಡು ಹಾಳು," ಎಂದು ಗೊಣಗುತ್ತಿದ್ದರು. ಅಷ್ಟು ಇಂಪಾದ ಗೊಣಗಾಟ ನಾನು ಇನ್ನೊಮ್ಮೆ ಕೇಳಿಲ್ಲ.

ಒಂದು ವಾಸನೆ ಸಿಕ್ಕಿತೆಂದು ರಾಯದುರ್ಗದಲ್ಲಿ ಶೇಂಗಾ ಆರಿಸಲಿಕ್ಕಾಗುವುದಿಲ್ಲ. ಅದು ಅವರಿಗೇ ಗೊತ್ತಿತ್ತು. ಸಂಜೆ ಇಬ್ಬರೂ ಸಾಹುಕಾರರ ಮುಂದೆ ನಿಂತೆವು. ದಾದಾ ಭಾಯ್ ದೀಪಾವಳಿಯಿಂದ ಶುರು ಮಾಡಿ ಎಲ್ಲ ಹೇಳಿದರು. ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ನನಗೆ ಮೂಗು ಇಲ್ಲ ದಾದಾ, ಕಿವಿ ಐತೆ. ಲಾರಿ ಬಂದಾಗ ಮಾತ್ರ ಬರೋ ಕೆಮ್ಮು ಎಂಥ ಕೆಮ್ಮು? ಸಂಕ್ರಾಂತಿಗೇ ಗೊತ್ತಾತು. ನೀನಾಗಿ ಹೇಳ್ತೀಯೇನೋ ಅಂತ ಕಾದೆ. ಹೇಳ್ಲಿಲ್ಲ. ಅದಕ್ಕೇ ರಾಯದುರ್ಗ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರ ನಿಮ್ಮ ಗಾಜಿನ ಸಾಮಾನೂ ತಗೊಂಡು ಇಬ್ರೂ ಹೋಗ್ರಿ. ಆದ್ರೆ ಬಾಯಿ ಬಿಟ್ಟು ಹೇಳ್ರಿ. ಕೆಮ್ಮಬ್ಯಾಡ್ರಿ," ಅಂದರು.

ಮೂಗು ಒಂದೇ ದಿನಕ್ಕೆ ಬರಲಿಲ್ಲ. ಹೊಗೆಯ ಹಿಂದೆ ಕಾಫಿಪುಡಿ ಬಂತು, ಆಮೇಲೆ ಡೀಸೆಲ್, ಆಮೇಲೆ ಬೆಲ್ಲ. ಹಸಿ ಶೇಂಗಾ ಎಲ್ಲಕ್ಕಿಂತ ಕೊನೆಗೆ, ಹೊಸ ಬೆಳೆ ಮಾರ್ಕೆಟ್ಟಿಗೆ ಬರುವ ಹೊತ್ತಿಗೆ. ಜ್ವರದಲ್ಲಿ ಕೆಟ್ಟ ಮೂಗು ತನ್ನಷ್ಟಕ್ಕೆ ತಾನೇ ಸರಿಹೋಗುವುದುಂಟು, ವಿಸ್ಕಿಯ ಮಹಿಮೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ನಾನು ಅದರ ಮಹಿಮೆ ಹೇಳುತ್ತಿಲ್ಲ, ನಿಂತಿದ್ದ ಜಾಗ ಹೇಳುತ್ತಿದ್ದೇನೆ. ಆ ವಿಸ್ಕಿಯನ್ನು ಒಂದು ಗುಟುಕು ಕುಡಿದು ನೋಡಿದೆ. ಟಿಂಕ್ಚರ್ ಹಚ್ಚಿದ ಗಾಯವನ್ನು ಒಲೆಯ ಮುಂದೆ ಕಾಯಿಸಿಕೊಂಡ ಹಾಗಿತ್ತು. ನಾನು ಆರಿಸಬೇಕಾದದ್ದು ಬಹುಶಃ ಎರಡನೆಯದು, ಜೇನಿನ ಜಾತಿಯದು. ಬಾಟಲಿ ಲ್ಯಾಬಿನ ಬೀರುವಿನಲ್ಲಿತ್ತು, ನಿವೃತ್ತಿಯ ಮೇಲೆ ಮನೆಗೆ ಬಂತು, ಇನ್ನೂ ಮುಕ್ಕಾಲು ಇದೆ.

ಇದನ್ನು ಕಂಡವರು ನನ್ನನ್ನು ಬಿಟ್ಟು ಮೂವರು, ಮೂವರೂ ಇದ್ದಾರೆ. ಓಬಳೇಶ ಬಾಟಲಿ ಬಿಟ್ಟು ನಿಜವಾಗಿಯೇ ರೇಷ್ಮೆ ಸೀರೆ ವ್ಯಾಪಾರಕ್ಕೆ ಇಳಿದಿದ್ದಾನೆ. ಸಣ್ಣಕ್ಕನ ಗಾಡಿ ಅಲ್ಲೇ ಇದೆ. ಕೇಳಿದರೆ ಹೇಳುತ್ತಾಳೆ, ಆದರೆ ಶೇಂಗಾ ಕೊಂಡ ಮೇಲೆ. ಇನ್ನು ದಾದಾ ಭಾಯ್. ಮೊನ್ನೆ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ನಮ್ಮ ಮನೆಗೆ ಬಂದಿದ್ದರು. ಬಾಟಲಿಯ ಬಿರಡೆ ತೆಗೆದು ದೂರದಿಂದಲೇ ಅವರ ಮೂಗಿನ ಕಡೆ ಹಿಡಿದೆ. ಮುಖ ಅತ್ತ ತಿರುಗಿಸಿಕೊಂಡು, "ಇನ್ನೂ ರಿಜೆಕ್ಟೇ," ಅಂದರು.